ಪ್ರಶ್ನೆ–ಉತ್ತರ: ಬೆಳಕು ಹಾಯುವ ಗೊಂಬೆ, ಬಣ್ಣದ ಸಿಪಾಯಿ

ಈ ಸಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮೇಜಿನ ಮೇಲೆ ದಾಳ ಉರುಳಿಸಿ, ಟೇಪು ಹಿಡಿದು ಅಳೆದು ಆಡುವ ಯುದ್ಧದಾಟಗಳ ಪ್ಲಾಸ್ಟಿಕ್ ಮಿನಿಯೇಚರ್‌ಗಳು, ಅಂದರೆ ಪುಟ್ಟ ಗೊಂಬೆಗಳು. ಅದರಲ್ಲೂ ಬಣ್ಣ ಕಲಸಿಯೇ ಅಚ್ಚು ಹಾಕಿದವು ಮತ್ತು ಬೆಳಕು ಹಾಯುವ ಅರೆಪಾರದರ್ಶಕದವು. ಬೂದು ಪ್ಲಾಸ್ಟಿಕ್ಕಿಗೆ ಪ್ರೈಮರ್ ಹೊಡೆದು ಬಣ್ಣ ಬಳಿಯುವ ರೂಢಿಯನ್ನೇ ಇವಕ್ಕೂ ತಂದಿದ್ದರಿಂದ ಹುಟ್ಟಿದ ತೊಂದರೆಗಳೇ ಬಹಳ. ಇವುಗಳಲ್ಲಿ ಬಣ್ಣ ಆಗಲೇ ಪ್ಲಾಸ್ಟಿಕ್ಕಿನ ಒಳಗಿದೆ. ನಾವು ನೋಡಿಕೊಳ್ಳಬೇಕಾದ್ದು ಮೇಲ್ಮೈಯನ್ನು.

ತಿಳಿಹಸಿರು ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಭೂತಗಳ ಪಡೆ ನನ್ನ ಬಳಿ ಇದೆ. ಕೈಗಳನ್ನು ಫೆವಿಕ್ವಿಕ್‌ನಿಂದ ಅಂಟಿಸಿ ಡಬ್ಬಿಯಲ್ಲಿಟ್ಟು ಮುಚ್ಚಿದ್ದೆ. ಬೆಳಗಾಗುವಷ್ಟರಲ್ಲಿ ಭುಜದ ಸುತ್ತ ಬಿಳಿ ಮಸುಕು. ಒರೆಸಿದರೂ ಹೋಗುತ್ತಿಲ್ಲ. ಪ್ಲಾಸ್ಟಿಕ್ಕೇ ಕೆಟ್ಟಿತೇ?
— ವಿದ್ಯಾನಗರ, ಹುಬ್ಬಳ್ಳಿ

ಪ್ಲಾಸ್ಟಿಕ್ ಕೆಟ್ಟಿಲ್ಲ. ಅದು ಅಂಟಿನ ಆವಿ. ಫೆವಿಕ್ವಿಕ್ ಎಂದರೆ ಸಯನೋಅಕ್ರಿಲೇಟ್. ಒಣಗುವ ಮುನ್ನ ಅದರಿಂದ ಆವಿ ಏಳುತ್ತದೆ. ಆ ಆವಿ ಗೊಂಬೆಯ ಮೈಮೇಲಿನ ತೇವಕ್ಕೆ ತಗುಲಿದ ಕೂಡಲೇ ಬಿಳಿ ಪುಡಿಯಾಗಿ ಗಟ್ಟಿಯಾಗುತ್ತದೆ. ಅಂಟು ಹೆಚ್ಚಾದಷ್ಟೂ ನಿಧಾನವಾಗಿ ಒಣಗುತ್ತದೆ, ನಿಧಾನವಾದಷ್ಟೂ ಆವಿ ಹೆಚ್ಚು. ಮುಚ್ಚಿದ ಡಬ್ಬಿಯಲ್ಲಿ ಆ ಆವಿಗೆ ಹೋಗಲು ದಾರಿಯಿರಲಿಲ್ಲ. ಬೂದು ಪ್ಲಾಸ್ಟಿಕ್ಕಿನಲ್ಲೂ ಇದೇ ಆಗುತ್ತದೆ. ಮೇಲೆ ಬಣ್ಣ ಬೀಳುವುದರಿಂದ ಕಾಣುವುದಿಲ್ಲ, ಅಷ್ಟೇ.

ಮಸುಕು ಮೇಲ್ಪದರದಲ್ಲಿದೆ, ಆದ್ದರಿಂದ ತೆಗೆಯಬಹುದು. ಬೆರಳು ಹೋಗುವ ಜಾಗದಲ್ಲಿ 2000 ನಂಬರಿನ ವಾಟರ್ ಪೇಪರನ್ನು, ಅಂದರೆ ನುಣುಪಾದ ಉಪ್ಪುಕಾಗದವನ್ನು, ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಆಮೇಲೆ ಕಾರಿನ ಪಾಲಿಶಿಗೆ ಬಳಸುವ ರಬ್ಬಿಂಗ್ ಕಾಂಪೌಂಡನ್ನು ಹತ್ತಿಬಟ್ಟೆಯ ತುದಿಗೆ ಕಡಲೆಕಾಳಿನಷ್ಟು ಹಚ್ಚಿ ತಿಕ್ಕಿ. ಕೊನೆಗೆ ನೀರು ಆಧಾರಿತ ಗ್ಲಾಸ್ (gloss, ಹೊಳಪಿನ) ವಾರ್ನಿಶ್ಶನ್ನು ಬ್ರಶ್‌ನಿಂದ ಎರಡು ತೆಳು ಕೋಟು ಕೊಡಿ. ಕಂಕುಳು, ಬಟ್ಟೆಯ ಮಡಿಕೆಯಂಥ ಕಡೆ ಪೇಪರು ಹೋಗುವುದಿಲ್ಲ. ಅಲ್ಲಿ ವಾರ್ನಿಶ್ ಒಂದೇ ಸಾಕು. ಮಸುಕು ಕಾಣುವುದು ಒರಟು ಮೈ ಬೆಳಕನ್ನು ಚೆದುರಿಸುವುದರಿಂದ. ಆ ಸಣ್ಣ ಒರಟುತನದಲ್ಲಿ ವಾರ್ನಿಶ್ ತುಂಬಿಕೊಂಡರೆ ಬೆಳಕು ಮತ್ತೆ ನೇರವಾಗಿ ಹಾಯುತ್ತದೆ.

ಮುಂದಿನ ಸಲ ಅಂಟನ್ನೇ ಬದಲಿಸಿ. ಭಾರ ಬೀಳದ ತುಂಡಿಗೆ ಮಾಮೂಲಿ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ತಿಳಿಯಾಗುತ್ತದೆ. ಆದರೆ ಅದು ತಡ, ರಾತ್ರಿಯಿಡೀ ಬಿಡಬೇಕು. ಕೈ, ಕತ್ತಿಯಂಥ ತುಂಡಿಗೆ ಪಾರದರ್ಶಕ ಎಪಾಕ್ಸಿ (ಎರಡು ಟ್ಯೂಬ್ ಬೆರೆಸಿ ಹಚ್ಚುವ ಅಂಟು) ಒಳ್ಳೆಯದು. ಹಳದಿ ಛಾಯೆಯದು ಬೇಡ. ಸೇರಿಸಿದ ಕಡೆ ಒಳಗೆ ಬೆಳ್ಳಿಯ ಗೆರೆಯಂತೆ ಮಿನುಗುವುದನ್ನು ನೀವು ನೋಡಿರಬಹುದು. ಅದು ಎರಡು ತುಂಡಿನ ನಡುವೆ ಸಿಕ್ಕ ಗಾಳಿ. ಎಪಾಕ್ಸಿಯಾಗಲಿ, ಯುವಿ (ಅತಿನೇರಳೆ) ಟಾರ್ಚಿಗೆ ಗಟ್ಟಿಯಾಗುವ ತಿಳಿ ರೆಸಿನ್ನಾಗಲಿ ಆ ಸಂದನ್ನು ತುಂಬಿದರೆ ಗೆರೆ ಬಹುಮಟ್ಟಿಗೆ ಮಾಯ. ಯುವಿ ರೆಸಿನ್ ಬಳಸುವಾಗ ಗೊಂಬೆಯ ಬಣ್ಣ ನೋಡಿ: ಬಣ್ಣವಿಲ್ಲದ ತಿಳಿ ಪ್ಲಾಸ್ಟಿಕ್ಕಿನಲ್ಲಿ ಟಾರ್ಚಿನ ನೇರಳೆ ಬೆಳಕು ಚೆನ್ನಾಗಿ ಹಾಯುತ್ತದೆ. ಕೆಂಪು, ಕಿತ್ತಳೆ ಪ್ಲಾಸ್ಟಿಕ್ ಅದನ್ನು ತಡೆದುಬಿಡುತ್ತದೆ, ಒಳಗಿನ ರೆಸಿನ್ ಹಸಿಯಾಗಿಯೇ ಉಳಿಯುತ್ತದೆ. ಅಂಥವಕ್ಕೆ ಎಪಾಕ್ಸಿಯೇ ಸರಿ.

ತುರ್ತಿಗೆ ಫೆವಿಕ್ವಿಕ್ ಬಳಸಲೇಬೇಕೆಂದರೆ ಟೂತ್‌ಪಿಕ್ ತುದಿಯಲ್ಲಿ ಚುಕ್ಕೆಯಷ್ಟು ಹಚ್ಚಿ, ಫ್ಯಾನ್ ಹಾಕಿ, ಒಂದು ದಿನ ತೆರೆದೇ ಇಡಿ.

ನಮಸ್ಕಾರ್ರಿ. ಸಿದ್ಧಾರೂಢರ ಜಾತ್ರ್ಯಾಗ ಮಗನಿಗೆ ಕೊಡಿಸಿದ ಹಸರು, ಖಾಕಿ ಸಿಪಾಯಿಗಳ ಪಾಕೀಟು ಐತಿ. ಅದರಾಗ ಒಂದು ಸಣ್ಣ ಯುದ್ಧದಾಟ ಮಾಡೂಣಂತ ಬಣ್ಣ ಹಚ್ಚಿದ್ವಿ. ಬಂದೂಕು ಒಂಚೂರು ಬಗ್ಗಿದ್ರ ಸಾಕು, ಬಣ್ಣ ಸಿಪ್ಪಿಗತೆ ಎದ್ದು ಬರ್ತದ. ಫೆವಿಕ್ವಿಕ್ಕೂ ಹಿಡಿಯಂಗಿಲ್ಲ. ಏನ್ ಮಾಡೂಣ್ರಿ?
— ಹಳೇ ಹುಬ್ಬಳ್ಳಿ

ಮೊದಲು ಅದು ಯಾವ ಪ್ಲಾಸ್ಟಿಕ್ ಎಂದು ತಿಳಿದುಕೊಳ್ಳಿರಿ. ಒಂದು ಪಾತ್ರೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಗೊಂಬೆಯನ್ನು ಪೂರ್ತಿ ಮುಳುಗಿಸಿ, ಮೈಗಂಟಿದ ಗುಳ್ಳೆಗಳನ್ನು ಬೆರಳಿನಿಂದ ಒರೆಸಿ ಬಿಡಿ. ತೇಲಿ ಮೇಲೆ ಬಂದರೆ ಪಾಲಿಎಥಿಲೀನ್. ಅದರ ಸಾಂದ್ರತೆ 0.92ರಿಂದ 0.96, ನೀರಿಗಿಂತ ಹಗುರ. ಮುಳುಗಿದರೆ ಲೀಟರಿಗೆ 120 ಗ್ರಾಂ ಉಪ್ಪು ಕರಗಿಸಿ ಮತ್ತೆ ಬಿಡಿ. ಉಪ್ಪುನೀರಲ್ಲಿ ತೇಲಿದರೆ ಪಾಲಿಸ್ಟೈರೀನ್ ಅಥವಾ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್, ಅಲ್ಲೂ ಮುಳುಗಿದರೆ ಪಿವಿಸಿ ಇರಬೇಕು. ಒಳಗೆ ಟೊಳ್ಳಿರುವ ಗೊಂಬೆಗೆ ಈ ಪರೀಕ್ಷೆ ನಡೆಯುವುದಿಲ್ಲ.

ನೀವು ಬರೆದ ಲಕ್ಷಣ ನೋಡಿದರೆ ನಿಮ್ಮವು ತೇಲುವ ಜಾತಿ. ಪಾಲಿಎಥಿಲೀನ್ ಮೈ ಮೇಣದಂಥದ್ದು. ಅದರ ಮೇಲೆ ಬಣ್ಣವಾಗಲಿ ಅಂಟಾಗಲಿ ಹರಡಿ ಕಚ್ಚಿಕೊಳ್ಳುವುದಿಲ್ಲ, ಮೇಲೆ ಕೂತಿರುತ್ತದೆ ಅಷ್ಟೇ. ಪ್ಲಾಸ್ಟಿಕ್ ಬಗ್ಗುತ್ತದೆ, ಬಣ್ಣ ಬಗ್ಗುವುದಿಲ್ಲ. ಹೀಗಾಗಿ ಸಿಪ್ಪೆ ಏಳುತ್ತದೆ. 1959ರಲ್ಲಿ ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ ಸಣ್ಣ ಅಳತೆಯ ಸಿಪಾಯಿ ಡಬ್ಬಿಗಳನ್ನು ಹೊರತಂದಾಗಲೂ ಅವು ಇದೇ ಮೆತ್ತನೆಯ ಪ್ಲಾಸ್ಟಿಕ್ಕಿನವು. ಆಗಿನಿಂದ ಇಂದಿನವರೆಗೆ ಆಡುವವರ ದೂರೂ ಇದೇ.

ಪೂರ್ತಿ ಬಣ್ಣ ಹಚ್ಚಲೇಬೇಕೆಂದರೆ ಹೀಗೆ ಮಾಡಿ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಹಳೇ ಟೂತ್‌ಬ್ರಶ್ಶಿನಿಂದ ತಿಕ್ಕಿ ತೊಳೆದು ಒಣಗಿಸಿ. ಕಾರಿನ ಬಂಪರಿಗೆ ಪೇಂಟ್ ಹೊಡೆಯುವ ಮುನ್ನ ಹಾಕುವ ಪಿಪಿ ಪ್ರೈಮರ್ ಆಟೋ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಒಂದೇ ಒಂದು ತೆಳು ಕೋಟು ಹೊಡೆದು, ಡಬ್ಬಿಯ ಮೇಲೆ ಬರೆದ ಹೊತ್ತಿನೊಳಗೆ ಅಕ್ರಿಲಿಕ್ ಬಣ್ಣ ಹಚ್ಚಿ. ಕೊನೆಯಲ್ಲಿ ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಇಡೀ ಗೊಂಬೆಗೆ ಬಳಿಯಿರಿ. ಆ ಪದರ ಒಣಗಿದ ಮೇಲೂ ಸ್ವಲ್ಪ ಬಗ್ಗುತ್ತದೆ, ಬಣ್ಣವನ್ನು ಹಿಡಿದಿಡುತ್ತದೆ.

ಆದರೆ ಜಾತ್ರೆಯ ಸಿಪಾಯಿಗಳಿಗೆ ನಾವು ಹೇಳುವುದು ಬೇರೆ. ಹಸಿರು, ಖಾಕಿ ಪ್ಲಾಸ್ಟಿಕ್ಕಿನ ಬಣ್ಣವನ್ನೇ ಸಮವಸ್ತ್ರ ಎಂದುಕೊಳ್ಳಿ. ತೊಳೆದು, ನೀರು ಬೆರೆಸಿದ ಫೆವಿಕಾಲ್ ಬಳಿದು, ಮೇಲೆ ತೆಳು ಕಂದು ನೀರ್ಬಣ್ಣ ಹರಿಸಿ. ಮುಖ, ಕೈ, ಬಂದೂಕು ಮಾತ್ರ ತೀಡಿ. ಬಗ್ಗುವ ಬಂದೂಕಿನ ಮೇಲೆ ಬಣ್ಣ ಕಡಿಮೆಯಿದ್ದಷ್ಟೂ ಏಳುವುದು ಕಡಿಮೆ. ಅಂಚಿನಲ್ಲಿ ಹೆಚ್ಚುವರಿ ಪ್ಲಾಸ್ಟಿಕ್ ಇದ್ದರೆ ಹೊಸ ಬ್ಲೇಡಿನಿಂದ ಕೊಯ್ಯಿರಿ. ಅರದಿಂದ ಉಜ್ಜಿದರೆ ನಾರು ನಾರಾಗಿ ಎದ್ದು ಇನ್ನೂ ಕೆಡುತ್ತದೆ. ತುಂಡಾದ ಕೈ ಕೂಡಿಸಲು ಎರಡೂ ಕಡೆ ಸೂಜಿಯಿಂದ ತೂತು ಮಾಡಿ, ಗುಂಡುಪಿನ್ನಿನ ತುಂಡು ತೂರಿಸಬೇಕು. ಇದರಲ್ಲಿ ಅಂಟನ್ನು ನಂಬಬೇಡಿ.

ಒಂದು ವೇಳೆ ಉಪ್ಪುನೀರಲ್ಲೂ ಮುಳುಗುವ ಮೆತ್ತನೆಯ ಪಿವಿಸಿ ಆಗಿದ್ದರೆ ಸ್ಪ್ರೇ ಪ್ರೈಮರ್ ಬೇಡ. ಎಷ್ಟೋ ಸ್ಪ್ರೇಗಳು ಅದರ ಮೇಲೆ ಒಣಗದೆ ತಿಂಗಳುಗಟ್ಟಲೆ ಅಂಟಂಟಾಗಿ ಉಳಿಯುತ್ತವೆ. ನೀರು ಆಧಾರಿತ ಅಕ್ರಿಲಿಕ್ಕನ್ನು ಬ್ರಶ್‌ನಿಂದ ನೇರ ಹಚ್ಚಿ.

ನಿಪ್ಪರ್ (ಕತ್ತರಿಸುವ ಇಕ್ಕಳ) ಒತ್ತಿದ ಕೂಡಲೇ ಪಾರದರ್ಶಕ ತುಂಡು ಚಟ್ ಎಂದು ಸೀಳುತ್ತದೆ. ಅದೇ ಕಂಪನಿಯ ಬೂದು ಪ್ಲಾಸ್ಟಿಕ್ ಬೆಣ್ಣೆಯ ಹಾಗೆ ಕತ್ತರಿಸುತ್ತದೆ. ಪ್ಲಾಸ್ಟಿಕ್ ಹಳತಾಗಿದೆಯೇ?
— ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಹಳತಾಗಿಲ್ಲ, ಪ್ಲಾಸ್ಟಿಕ್ಕಿನ ಜಾತಿಯೇ ಬೇರೆ. ಗಟ್ಟಿ ಪಾಲಿಸ್ಟೈರೀನ್ ಸ್ವಭಾವತಃ ಗಾಜಿನಷ್ಟು ತಿಳಿ, ಅಷ್ಟೇ ಒಡೆಯುವ ಗುಣದ್ದು. ಅದು ಒಡೆಯದಿರಲೆಂದು ಬೂದು ಪ್ಲಾಸ್ಟಿಕ್ಕಿಗೆ ಸಣ್ಣ ಸಣ್ಣ ರಬ್ಬರ್ ಕಣ ಸೇರಿಸುವುದುಂಟು. ಆ ಕಣಗಳು ಬೆಳಕನ್ನು ಚೆದುರಿಸುವುದರಿಂದ ಪ್ಲಾಸ್ಟಿಕ್ ಮಂದವಾಗುತ್ತದೆ. ಬೆಳಕು ಹಾಯಬೇಕೆಂದರೆ ರಬ್ಬರ್ ಬಿಡಬೇಕು, ರಬ್ಬರ್ ಬಿಟ್ಟರೆ ಒಡೆಯದ ಗುಣ ಹೋಗುತ್ತದೆ.

ಸ್ಪ್ರೂವನ್ನು, ಅಂದರೆ ತುಂಡುಗಳು ಅಂಟಿಕೊಂಡು ಬರುವ ಚೌಕಟ್ಟನ್ನು, ಕೈಗೆ ತಾಳುವಷ್ಟು ಬಿಸಿನೀರಲ್ಲಿ, ಸುಮಾರು 50 ಡಿಗ್ರಿ, ಎರಡು ಮೂರು ನಿಮಿಷ ಇಟ್ಟು ಒರೆಸಿಕೊಳ್ಳಿ. ಗೊಂಬೆಯಿಂದ 3 ಮಿ.ಮೀ. ದೂರಕ್ಕೆ ಕತ್ತರಿಸಿ. ದಪ್ಪ ಗೇಟ್ (ಗೊಂಬೆಯನ್ನು ಸ್ಪ್ರೂಗೆ ಕೂಡಿಸುವ ಕಡ್ಡಿ) ಇದ್ದ ಕಡೆ ನಿಪ್ಪರ್ ಹಾಕಲೇ ಬೇಡಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೊಯ್ಯಿರಿ. ಉಳಿದ ಮೋಟನ್ನು 400, 800, 1500, 2000 ಹೀಗೆ ವಾಟರ್ ಪೇಪರಿನಲ್ಲಿ ಇಳಿಸಿ, ಗ್ಲಾಸ್ ವಾರ್ನಿಶ್ ಹಚ್ಚಿ. ನಡುವಿನ ನಂಬರೊಂದನ್ನು ಬಿಟ್ಟರೆ ಹಿಂದಿನ ಗೀರು ವಾರ್ನಿಶ್ ಅಡಿಯಲ್ಲೂ ಕಾಣುತ್ತದೆ. ಅಚ್ಚಿನ ಗೆರೆ ತೆಗೆಯಲು ಬ್ಲೇಡಿನ ಬೆನ್ನಿನಿಂದ ಕೆರೆಯಿರಿ. ಚೂಪು ಬದಿ ಈ ಪ್ಲಾಸ್ಟಿಕ್ಕಿನಲ್ಲಿ ಚಕ್ಕೆ ಏಳಿಸುತ್ತದೆ.

ಕೆಂಪು, ನೀಲಿ ಬಣ್ಣದಲ್ಲೇ ಅಚ್ಚಾಗಿ ಬಂದ ಗೊಂಬೆಗಳಿಗೆ ಪೂರ್ತಿ ಬಣ್ಣ ಹಚ್ಚಲು ಪರೀಕ್ಷೆಯ ನಡುವೆ ಸಮಯವಿಲ್ಲ. ಹಾಗೇ ಆಡಿದರೆ ಅಗ್ಗದ ಆಟಿಕೆಯಂತೆ ಕಾಣುತ್ತವೆ. ಕತ್ತರಿಸಿದ ಕಡೆ ಬಿಳಿ ಚುಕ್ಕೆ ಬೇರೆ. ಬೇಗ ಮುಗಿಯುವ ದಾರಿ ಇದೆಯೇ?
— ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಖಂಡಿತ ಇದೆ, ಅದು ಕಳಪೆ ದಾರಿಯೂ ಅಲ್ಲ. ಗೊಂಬೆ ಆಟಿಕೆಯಂತೆ ಕಾಣುವುದು ಬಣ್ಣದಿಂದಲ್ಲ, ಹೊಳಪಿನಿಂದ. ಹೊಳಪು ತೆಗೆದು ಮಡಿಕೆಗಳಲ್ಲಿ ನೆರಳು ಕೂರಿಸಿದರೆ ಪ್ಲಾಸ್ಟಿಕ್ಕಿನ ಕೆಂಪೇ ಒಳ್ಳೆಯ ಬೇಸ್‌ಕೋಟ್ (ಮೊದಲ ಬಣ್ಣದ ಪದರ) ಆಗುತ್ತದೆ.

ಮೊದಲು ಬಿಳಿ ಚುಕ್ಕೆ. ನಿಪ್ಪರ್ ಪ್ಲಾಸ್ಟಿಕ್ಕನ್ನು ಕತ್ತರಿಸುವುದಷ್ಟೇ ಅಲ್ಲ, ಹಿಸುಕುತ್ತದೆ ಕೂಡ. ಹಿಸುಕಿದ ಕಡೆ ಕಣ್ಣಿಗೆ ಕಾಣದ ಬಿರುಕು ಎದ್ದು ಬೆಳಕು ಚೆದುರಿ ಬಿಳಿ ಕಾಣುತ್ತದೆ. ಅದಕ್ಕೇ ಎರಡು ಸಲ ಕತ್ತರಿಸಬೇಕು: ಮೊದಲು ದೂರದಲ್ಲಿ, ಆಮೇಲೆ ಗೊಂಬೆಯ ಹತ್ತಿರ ಅರ್ಧ ಮಿ.ಮೀ. ಬಿಟ್ಟು. ಉಳಿದದ್ದನ್ನು 600, 1000 ವಾಟರ್ ಪೇಪರಿನಿಂದ ಸಮ ಮಾಡಿ. ಸ್ವಲ್ಪ ಬಿಳುಪು ಉಳಿದರೂ ಚಿಂತೆಯಿಲ್ಲ, ಮುಂದಿನ ಪದರಗಳಲ್ಲಿ ಮುಚ್ಚಿಹೋಗುತ್ತದೆ.

ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯಂಶ ಹೋಗುವಂತೆ ಸೋಪಿನ ನೀರಲ್ಲಿ ತೊಳೆಯಿರಿ. ಒಣಗಿದ ಮೇಲೆ ಇಡೀ ಗೊಂಬೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್. ಈ ಹಂತ ಬಿಟ್ಟರೆ ಮುಂದಿನದು ಕೂರುವುದಿಲ್ಲ: ನುಣುಪು ಪ್ಲಾಸ್ಟಿಕ್ ಮೇಲೆ ವಾಶ್ (ಮಡಿಕೆಗೆ ಹರಿಸುವ ನೀರಾದ ಬಣ್ಣ) ಹನಿ ಹನಿಯಾಗಿ ನಿಂತು, ಒಣಗಿದಾಗ ಸುತ್ತ ಕಲೆಯ ವರ್ತುಲ ಬಿಡುತ್ತದೆ. ಮ್ಯಾಟ್ ಮೈಯಲ್ಲಿ ಅದು ಹರಡಿ ಮಡಿಕೆಗೆ ಇಳಿಯುತ್ತದೆ.

ವಾಶ್ ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಪಾಲು ಅಕ್ರಿಲಿಕ್ ಬಣ್ಣ, ಎರಡು ಪಾಲು ಮ್ಯಾಟ್ ಮೀಡಿಯಂ (ಬಣ್ಣ ತೆಳು ಮಾಡಲು ಬೆರೆಸುವ ಬಣ್ಣವಿಲ್ಲದ ದ್ರವ), ಆರು ಪಾಲು ನೀರು, 30 ಮಿ.ಲೀ.ಗೆ ಒಂದೇ ಹನಿ ಪಾತ್ರೆ ಸೋಪು. ಎಲ್ಲದಕ್ಕೂ ಕಪ್ಪು ಹಚ್ಚುವುದು ತಪ್ಪು, ಗೊಂಬೆ ಕೊಳೆಯಾದಂತೆ ಕಾಣುತ್ತದೆ. ಕೆಂಪು ಪ್ಲಾಸ್ಟಿಕ್ಕಿಗೆ ಕಡುಗಂದು, ನೀಲಿಗೆ ಕಡುನೀಲಿ, ಹಳದಿಗೂ ಎಲುಬಿನ ಬಣ್ಣಕ್ಕೂ ಕಂದು ಛಾಯೆಯ ಸೀಪಿಯಾ, ಹಸಿರಿಗೆ ಕಂದು ಬೆರೆತ ಕಡುಹಸಿರು. ಹರಿಸಿದ ಮೇಲೆ ಸಮತಟ್ಟು ಜಾಗದಲ್ಲಿ ನಿಂತದ್ದನ್ನು ಒದ್ದೆ ಬ್ರಶ್‌ನಿಂದ ಹೀರಿಕೊಳ್ಳಿ. ಒಣಗಿದ ನಂತರ ಪ್ಲಾಸ್ಟಿಕ್ಕಿಗಿಂತ ಎರಡು ಛಾಯೆ ತಿಳಿಯಾದ ಬಣ್ಣದಲ್ಲಿ ಅಂಚುಗಳಿಗೆ ಡ್ರೈಬ್ರಶ್ (ಬಹುತೇಕ ಒಣಗಿದ ಬ್ರಶ್ ತಾಗಿಸುವುದು). ಆಮೇಲೆ ಮುಖ, ಲೋಹ, ಬೇಸ್ (ಗೊಂಬೆ ನಿಲ್ಲುವ ಪೀಠ) ಈ ಮೂರನ್ನೇ ಕೈಯಾರೆ ತೀಡಿ. ಬೇಸಿನ ಅಂಚನ್ನು ಎಲ್ಲಕ್ಕೂ ಒಂದೇ ಬಣ್ಣದಲ್ಲಿ ನೀಟಾಗಿ ಬಳಿದರೆ ಇಡೀ ಪಡೆ ಒಂದಾಗಿ ಕಾಣುತ್ತದೆ. ಸಮಯ ಕಡಿಮೆಯಿದ್ದಾಗ ಕಣ್ಣು ಬಿಡಿಸುವುದಕ್ಕಿಂತ ಇದಕ್ಕೇ ಹೊತ್ತು ಕೊಡಿ.

ಬಣ್ಣದ ಪ್ಲಾಸ್ಟಿಕ್ ಕೀಳು ಎಂಬ ಮಾತಿಗೆ ಕಿವಿಗೊಡಬೇಡಿ. 1989ರ ಹೀರೋಕ್ವೆಸ್ಟ್ ಎಂಬ ಬೋರ್ಡ್ ಆಟದ ಡಬ್ಬಿಯಲ್ಲಿ ನಾಯಕರು ಕೆಂಪು, ಓರ್ಕ್ ಎಂಬ ರಾಕ್ಷಸರು ಹಸಿರು. ಡಬ್ಬಿ ತೆರೆದ ಕೂಡಲೇ ಯಾರ ಪಡೆ ಯಾವುದು ಎಂದು ತಿಳಿದು ಆಟ ಶುರು ಮಾಡಲು ಅಷ್ಟೇ ಸಾಕಾಗುತ್ತಿತ್ತು.

ನೀಲಿ ಅರೆಪಾರದರ್ಶಕ ಭೂತದ ಗೊಂಬೆ ಕೈಯಲ್ಲಿ ಹಿಡಿದರೆ ಚೆಂದ. ಮೇಜಿನ ಮೇಲಿಟ್ಟರೆ ಮುಖ ಯಾವುದು, ಬಟ್ಟೆ ಯಾವುದು ತಿಳಿಯುವುದಿಲ್ಲ. ಪ್ರೈಮರ್ ಹೊಡೆದರೆ ಪಾರದರ್ಶಕತೆಯೇ ಹೋಗುತ್ತದೆ. ಬೆಂಕಿಯ ಗೊಂಬೆಯೂ ಒಂದಿದೆ, ಕಿತ್ತಳೆ ಬಣ್ಣದ್ದು. ಹೇಗೆ ಬಣ್ಣ ಹಚ್ಚಬೇಕು?
— ಬೆಟಗೇರಿ, ಗದಗ

ಪ್ರೈಮರ್ ಹೊಡೆಯದೆ ಬಿಟ್ಟಿದ್ದು ಸರಿಯಾಯಿತು. ಬೆಳಕು ಹಾಯುವ ಗೊಂಬೆಗೆ ಅಡಿಯಿಂದ ಮುಡಿಯವರೆಗೆ ಪ್ರೈಮರ್ ಬಳಿಯುವುದಾದರೆ ಅದನ್ನು ಕೊಂಡದ್ದೇ ವ್ಯರ್ಥ.

ಕಣ್ಣು ಆಕಾರವನ್ನು ಗುರುತಿಸುವುದು ನೆರಳಿನಿಂದ. ಮಂದ ಪ್ಲಾಸ್ಟಿಕ್ಕಿನಲ್ಲಿ ಮೂಗಿನ ಪಕ್ಕ, ಮಡಿಕೆಯ ಒಳಗೆ ತಾನಾಗಿ ನೆರಳು ಬೀಳುತ್ತದೆ. ಇದರಲ್ಲಿ ಬೆಳಕು ಹಾದು ಆ ನೆರಳನ್ನೂ ತುಂಬಿಬಿಡುತ್ತದೆ. ಹಾಗಾಗಿ ನೆರಳನ್ನು ನಾವೇ ಹಾಕಬೇಕು, ಆದರೆ ಬೆಳಕಿನ ದಾರಿ ಮುಚ್ಚದಂತೆ.

ಕ್ರಮ ಹೀಗೆ. ಗೆರೆ ಕೆರೆದ, ಉಜ್ಜಿದ ಗುರುತು ಹೋಗುವಂತೆ ಮೊದಲು ಒಂದು ಕೋಟು ಗ್ಲಾಸ್ ವಾರ್ನಿಶ್. ಅದು ಒಣಗಿದ ಮೇಲೆ ಕಡುನೀಲಿ ಅಕ್ರಿಲಿಕ್ ಇಂಕನ್ನು ಗ್ಲಾಸ್ ಮೀಡಿಯಂನಲ್ಲಿ ತೆಳು ಮಾಡಿ, ಸಣ್ಣ ಬ್ರಶ್ ತುದಿಯಿಂದ ಮಡಿಕೆಗಳಿಗೆ ಮಾತ್ರ ಬಿಡಿ. ಬೂದು ಗೊಂಬೆಗೆ ಮಾಡುವಂತೆ ಎಲ್ಲೆಡೆ ಹರಿಸಬೇಡಿ. ಕಣ್ಣಿನ ಗುಳಿ, ಬಾಯಿ, ಬೆರಳುಗಳ ಸಂದು, ಬಟ್ಟೆಯ ಆಳ, ಇಷ್ಟೇ. ಮೂರನೆಯದು ಡ್ರೈಬ್ರಶ್: ಹಿಮದಂಥ ತಿಳಿನೀಲಿ, ಕೊನೆಯಲ್ಲಿ ಬಿಳಿ. ಬ್ರಶ್ಶನ್ನು ಬಟ್ಟೆಗೆ ಒರೆಸಿ ಒರೆಸಿ ಬಹುತೇಕ ಒಣಗಿದ ಮೇಲೆ ಹುಬ್ಬಿನ ಏಣು, ಮೂಗು, ಬೆರಳತುದಿ, ಸೆರಗಿನ ಅಂಚಿಗೆ ತಾಗಿಸಿ. ಇಷ್ಟಕ್ಕೇ ಮುಖ ಎರಡಡಿ ದೂರದಿಂದ ಓದಲು ಸಿಗುತ್ತದೆ.

ಇದಕ್ಕಿಂತ ಮುಂದೆ ಹೋಗಬೇಕೆಂದರೆ ಮೇಲ್ಭಾಗವನ್ನು ಮಂದ ಮಾಡಿ, ಕೆಳಭಾಗವನ್ನು ತಿಳಿಯಾಗಿ ಉಳಿಸಿ. ತಲೆ, ಎದೆ, ಆಯುಧ ಪೂರ್ತಿ ಬಣ್ಣದಲ್ಲಿ. ಸೊಂಟದಿಂದ ಕೆಳಗೆ ಸ್ಪಂಜಿನ ಚೂರಿನಿಂದ ಬಿಳಿಯನ್ನು ಚುಕ್ಕೆ ಚುಕ್ಕೆಯಾಗಿ ಕಡಿಮೆ ಮಾಡುತ್ತಾ ಬಂದು, ಮೊಣಕಾಲಿಗೆ ನಿಲ್ಲಿಸಿ. ಗೊಂಬೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡುತ್ತಿರಿ. ಎದುರು ಬೆಳಕಿನಲ್ಲಿ ತೆಳು ಎನಿಸಿದ ಬಿಳಿ ಹಿಂಬದಿ ಬೆಳಕಿನಲ್ಲಿ ಕಪ್ಪು ಚಿಬ್ಬಿನಂತೆ ಕಾಣಬಹುದು. ಹಿಂಬದಿ ಟೊಳ್ಳಿರುವ ಗುರಾಣಿ, ನಿಲುವಂಗಿಗಳಿದ್ದರೆ ಬಣ್ಣವನ್ನು ಒಳಮೈಗೇ ಹಚ್ಚಿ. ಎದುರಿನಿಂದ ನೋಡಿದಾಗ ಬಣ್ಣ ಪ್ಲಾಸ್ಟಿಕ್ಕಿನ ಆಳದಲ್ಲಿ ಕಾಣುತ್ತದೆ, ಹೊರಮೈ ತಿಳಿಯಾಗಿ ಉಳಿಯುತ್ತದೆ.

ಬೆಂಕಿಗೆ ಲೆಕ್ಕ ತಿರುಗುಮುರುಗು. ಜ್ವಾಲೆಯಲ್ಲಿ ಹೆಚ್ಚು ಬೆಳಕಿರುವುದು ಬುಡದಲ್ಲಿ, ಆಳದಲ್ಲಿ. ತುದಿಗೆ ಹೋದಂತೆ ಕೆಂಪು, ಆಮೇಲೆ ಹೊಗೆಯ ಕಪ್ಪು. ಆದ್ದರಿಂದ ಮಡಿಕೆಗೆ ಬಿಳಿ ಬೆರೆತ ಹಳದಿ, ಏಣುಗಳಿಗೆ ಕೆಂಪು, ತುದಿಗೆ ಮಾತ್ರ ಕಪ್ಪಿನ ಡ್ರೈಬ್ರಶ್. ಕಲ್ಲಿಗೋ ಬಟ್ಟೆಗೋ ಮಾಡುವಂತೆ ಏಣುಗಳಿಗೆ ತಿಳಿ, ಆಳಕ್ಕೆ ಕಡು ಹಚ್ಚಿದರೆ ಅದು ಬೆಂಕಿಯಾಗದೆ ಕಿತ್ತಳೆ ಬಂಡೆಯಾಗಿ ಕಾಣುತ್ತದೆ.

ಬಣ್ಣವಿಲ್ಲದ ತಿಳಿ ಗೊಂಬೆಗೆ ಬಣ್ಣ ಕೊಡಲು ತಮಿಯಾ ಕಂಪನಿಯ ಕ್ಲಿಯರ್ (ಬೆಳಕು ಹಾಯುವ) ಬಣ್ಣಗಳಿವೆ: ಎಕ್ಸ್-23 ನೀಲಿ, ಎಕ್ಸ್-24 ಹಳದಿ, ಎಕ್ಸ್-25 ಹಸಿರು, ಎಕ್ಸ್-26 ಕಿತ್ತಳೆ, ಎಕ್ಸ್-27 ಕೆಂಪು. ಬಾಟಲಿಯಿಂದ ನೇರ ಹಚ್ಚಿದರೆ ದಪ್ಪವಾಗಿ ಪಟ್ಟೆ ಬೀಳುತ್ತವೆ. ಅದೇ ಕಂಪನಿಯ ಎಕ್ಸ್-20ಎ ಥಿನ್ನರ್ ಸಮಪಾಲು ಬೆರೆಸಿ ಎರಡು ಮೂರು ಕೋಟು ಕೊಡಿ. ಅರೆಬರೆ ಒಣಗಿದಾಗ ಮತ್ತೆ ಬ್ರಶ್ ಆಡಿಸಿದರೆ ಪದರ ಹರಿಯುತ್ತದೆ. ಕೋಟಿನಿಂದ ಕೋಟಿಗೆ ಕೆಲ ಗಂಟೆ ಬಿಡಿ. ಕೊನೆಗೆ ಗ್ಲಾಸ್ ಅಥವಾ ಸ್ಯಾಟಿನ್ (ಅರೆಹೊಳಪಿನ) ವಾರ್ನಿಶ್. ಮ್ಯಾಟ್ ಬೇಡ, ಇಡೀ ಗೊಂಬೆ ಮಂಜು ಹಿಡಿದಂತಾಗುತ್ತದೆ.

ನೇಮ್‌ಪ್ಲೇಟ್ ಮಾಡುವವರಲ್ಲಿ 3 ಮಿ.ಮೀ. ಅಕ್ರಿಲಿಕ್ ಹಾಳೆಯಿಂದ 32 ಮಿ.ಮೀ. ಪಾರದರ್ಶಕ ಬೇಸ್‌ಗಳನ್ನು ಲೇಸರಿನಲ್ಲಿ ಕೊಯ್ಯಿಸಿದೆವು. ಸ್ಪಿರಿಟ್ಟಿನಿಂದ ಒರೆಸಿದ ಮೇಲೆ ಅಂಚಿನ ತುಂಬ ಕೂದಲೆಳೆ ಬಿರುಕು. ಹಾಳೆ ಕಳಪೆಯೇ?
— ಕೇಶ್ವಾಪುರ, ಹುಬ್ಬಳ್ಳಿ

ಹಾಳೆಯನ್ನು ದೂರಬೇಕಿಲ್ಲ. ಲೇಸರ್ ಅಂಚನ್ನು ಕರಗಿಸಿ ಕೊಯ್ಯುತ್ತದೆ. ಆ ಅಂಚು ಬೇಗ ತಣಿದು ಒಳಗೆ ಬಿಗಿತ ಉಳಿಸಿಕೊಳ್ಳುತ್ತದೆ. ಬಿಗಿತವಿರುವ ಅಕ್ರಿಲಿಕ್ಕಿಗೆ ಸ್ಪಿರಿಟ್ ತಾಗಿದರೆ ಬಿರುಕು ಬಿಡುತ್ತದೆ. ಸೋಪಿನ ನೀರು, ಮೆತ್ತನೆಯ ಬಟ್ಟೆ, ಇವೇ ಸಾಕು. ಸ್ಯಾನಿಟೈಸರ್ ಕೂಡ ಸ್ಪಿರಿಟ್ಟೇ ಎಂಬುದು ನೆನಪಿರಲಿ.

ಇನ್ನೊಂದು ಎಚ್ಚರಿಕೆ. ಅಕ್ರಿಲಿಕ್ಕನ್ನು ಅಕ್ರಿಲಿಕ್ಕಿಗೆ ಕೂಡಿಸಲು ಬೋರ್ಡಿನ ಕೆಲಸದವರು ಕ್ಲೋರೋಫಾರ್ಮ್ ಬಳಸುವುದುಂಟು. ಗೊಂಬೆಯನ್ನು ಬೇಸಿಗೆ ಅಂಟಿಸಲು ಅದನ್ನು ಮುಟ್ಟಬೇಡಿ. ಪಾಲಿಸ್ಟೈರೀನ್ ಪಾದ ಅದರಲ್ಲಿ ಕರಗಿಹೋಗುತ್ತದೆ, ಅದರ ಆವಿ ಲಿವರಿಗೂ ಕೆಟ್ಟದ್ದು. ಪಾದದಲ್ಲಿ 1 ಮಿ.ಮೀ. ತೂತು ಕೊರೆದು ತಂತಿ ತುಂಡು ತೂರಿಸಿ, ಪಾರದರ್ಶಕ ಎಪಾಕ್ಸಿ ಹಾಕಿ.

ಭೂತದ ಗೊಂಬೆಯೊಳಗೆ ಎಲ್‌ಇಡಿ ಕೂರಿಸಿದೆ. ಬುಡ ಮಾತ್ರ ಉರಿಯುತ್ತದೆ, ತಲೆ ಕತ್ತಲು.
— ಗಾಂಧಿನಗರ, ಧಾರವಾಡ

ನುಣುಪಾದ ತಿಳಿ ಪ್ಲಾಸ್ಟಿಕ್ಕಿನೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಹೋಗುತ್ತದೆ, ಒರಟು ಜಾಗ ಸಿಕ್ಕಲ್ಲಿ ಹೊರಬರುತ್ತದೆ. ಎಲ್ಲಿ ಬೆಳಗಬೇಕೋ ಅಲ್ಲಿ ಮೈ ಒರಟಿರಲಿ: ಮುಖ, ಕೈ, ಕತ್ತಿಯ ಅಂಚನ್ನು 600 ಪೇಪರಿನಿಂದ ಮಂದ ಮಾಡಿ ಅಥವಾ ಬಿಳಿ ಡ್ರೈಬ್ರಶ್ ಕೊಡಿ. ಎಲ್ಲಿ ಬೆಳಗಬಾರದೋ ಅಲ್ಲಿ, ಅಂದರೆ ಬುಡದಲ್ಲಿ, ನುಣುಪು ಉಳಿಸಿ ಮೇಲೆ ಕಡು ಬಣ್ಣ ಬಳಿಯಿರಿ. ಎಲ್‌ಇಡಿಯನ್ನು ಗೊಂಬೆಯ ಅಡಿ ಹಾಗೇ ಇಡದೆ, ಪಾದದಿಂದ ಮೇಲಕ್ಕೆ 3 ಮಿ.ಮೀ. ಅಗಲದ, ಆಚೆ ತೂರದ ಕುರುಡು ತೂತು ಕೊರೆದು ಒಳಗೆ ಕೂರಿಸಿ. ಡ್ರಿಲ್ಲನ್ನು ಕೈಯಲ್ಲೇ, ನಿಧಾನವಾಗಿ ತಿರುಗಿಸಿ. ಮಷಿನ್ನಿನ ವೇಗಕ್ಕೆ ಪಾಲಿಸ್ಟೈರೀನ್ ಕರಗಿ ಡ್ರಿಲ್‌ಗೆ ಸುತ್ತಿಕೊಳ್ಳುತ್ತದೆ.

ಬಿಳಿ, ನೀಲಿ ಎಲ್‌ಇಡಿಗಳಿಗೆ ಸುಮಾರು 3 ವೋಲ್ಟ್ ಬೇಕಾಗುವುದರಿಂದ 3 ವೋಲ್ಟಿನ ಬಟನ್ ಸೆಲ್‌ಗೆ ನೇರ ಜೋಡಿಸಬಹುದು. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನಡುವೆ 220 ಓಮ್ ರೆಸಿಸ್ಟರ್ ಹಾಕಿ. ಸಿಆರ್ 2032 ಸೆಲ್ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, ಮಾಮೂಲಿ ಬೇಸಿನಡಿ ಮಟ್ಟವಾಗಿ ಕೂರುವುದು ಕಷ್ಟ. ಸಿಆರ್ 1220 ಆದರೆ 12.5 ಮಿ.ಮೀ. ಅಗಲ, 2 ಮಿ.ಮೀ. ದಪ್ಪ, ಕೂರುತ್ತದೆ, ಆದರೆ ಬೇಗ ಮುಗಿಯುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸೆಲ್ಲಿನ ಮುಚ್ಚಳವನ್ನು ಸ್ಕ್ರೂ ಹಾಕಿಯೇ ಭದ್ರ ಮಾಡಿ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಬಲ್ಲದು. ಅನುಮಾನ ಬಂದ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಮಳೆಗಾಲದಲ್ಲಿ ಸ್ಪ್ರೇ ವಾರ್ನಿಶ್ ಹೊಡೆದರೆ ಬೆಳ್ಳಗಾಗುತ್ತದೆ.
— ಮಾಳಮಡ್ಡಿ, ಧಾರವಾಡ

ಸ್ಪ್ರೇ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರಲ್ಲಿ ಸಿಕ್ಕಿಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿ ಬ್ರಶ್ ವಾರ್ನಿಶ್ಶೇ ಲೇಸು. ಆಗಲೇ ಬೆಳ್ಳಗಾದ ಗೊಂಬೆಗೆ ಒಣಹವೆಯ ದಿನ ನೋಡಿ ಗ್ಲಾಸ್ ಒಂದು ಕೋಟು ಕೊಟ್ಟರೆ ಬಹಳಷ್ಟು ಸುಧಾರಿಸುತ್ತದೆ. ಗದಗಿನವರಿಗೆ ಏಪ್ರಿಲ್ ಮಧ್ಯಾಹ್ನದ ತೊಂದರೆ ಇದರ ವಿರುದ್ಧದ್ದು: ಹನಿ ಗೊಂಬೆ ಮುಟ್ಟುವ ಮುನ್ನವೇ ಒಣಗಿ ಮರಳಿನಂತೆ ಕೂರುತ್ತದೆ. ಬೆಳಿಗ್ಗೆ ಬೇಗ, 20 ಸೆಂ.ಮೀ. ದೂರದಿಂದ ಹೊಡೆಯಿರಿ.

ತೊಳೆದು ಒಣಗಿಸಿದ ತಿಳಿ ಗೊಂಬೆಯ ಮೇಲೆ ಬಿಳಿ ಚುಕ್ಕೆಗಳು.
— ಮುಳಗುಂದ, ಗದಗ ಜಿಲ್ಲೆ

ಬೋರ್‌ವೆಲ್ ನೀರಿನ ಲವಣ. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಹತ್ತಿಯಿಂದ ಒರೆಸಿದರೆ ಹೋಗುತ್ತದೆ. ಕೊನೆಯ ಜಾಲಾಟಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ.

ತಪ್ಪು ಬಣ್ಣ ತೆಗೆಯಲು ಪಾರದರ್ಶಕ ಗೊಂಬೆಯನ್ನು ಪೇಂಟ್ ಥಿನ್ನರಿನಲ್ಲಿ ಅದ್ದಿದೆ, ಮುಖವೇ ಕರಗಿತು. ಉಳಿದ ಎಂಟು ಗೊಂಬೆಗಳ ಬಣ್ಣ ಹೇಗೆ ತೆಗೆಯಲಿ?
— ಹಾವೇರಿ

ಕರಗಿದ್ದು ಮತ್ತೆ ಬರುವುದಿಲ್ಲ. ಎನ್‌ಸಿ ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಪೆಟ್ರೋಲ್ ಯಾವುದೂ ಪಾಲಿಸ್ಟೈರೀನ್ ಹತ್ತಿರ ಬರಬಾರದು. ಉಳಿದವಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಮೊದಲು ಅದೇ ಸ್ಪ್ರೂದ ತುಂಡೊಂದನ್ನು ಅರ್ಧ ಗಂಟೆ ಅದರಲ್ಲಿಟ್ಟು ಬಿರುಕು, ಮಸುಕು ಬಂದಿಲ್ಲವೆಂದು ನೋಡಿಕೊಳ್ಳಿ. ಆಮೇಲೆ ಗೊಂಬೆಯನ್ನು ಹತ್ತು ನಿಮಿಷ ಅದ್ದಿ, ಮೆತ್ತನೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ಬೇಕಾದರೆ ಮತ್ತೆ ಹತ್ತು ನಿಮಿಷ. ರಾತ್ರಿಯಿಡೀ ನೆನೆಸುವ ರೂಢಿ ತಿಳಿ ಪ್ಲಾಸ್ಟಿಕ್ಕಿಗೆ ಬೇಡ. ಕಂದು ಡೆಟಾಲ್ ಕೂಡ ಅಕ್ರಿಲಿಕ್ ಬಣ್ಣ ಬಿಡಿಸುತ್ತದೆ. ಅದನ್ನು ಬಳಸಿದರೆ ಬಣ್ಣ ಪೂರ್ತಿ ಹೋಗುವ ತನಕ ನೀರು ತಾಗಿಸಬೇಡಿ, ನೀರು ಬಿದ್ದರೆ ಬಿಟ್ಟ ಬಣ್ಣ ಅಂಟು ಕೆಸರಾಗಿ ಮತ್ತೆ ಕೂರುತ್ತದೆ. ಯಾವುದಕ್ಕಾದರೂ ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ, ಒಲೆ ಹತ್ತಿರ ಇರದಿರಲಿ.

ಸ್ಕೂಟರಿನ ಡಿಕ್ಕಿಯಲ್ಲಿಟ್ಟ ಗೊಂಬೆಗಳ ಈಟಿಗಳೆಲ್ಲ ಬಾಗಿವೆ.
— ಲಕ್ಷ್ಮೇಶ್ವರ

ಬಾಗಿದ್ದು ಪಿವಿಸಿ ಆಗಿದ್ದರೆ ಕುದಿಬಂದ ನೀರಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ ಹಿಡಿದು, ಕೂಡಲೇ ತಣ್ಣೀರಿಗೆ ಹಾಕಿ. ಚಿಮುಟದಲ್ಲಿ ಹಿಡಿಯಿರಿ.

ಕೆಂಪು ಅರೆಪಾರದರ್ಶಕ ಪಡೆ ನನ್ನದು, ಹಸಿರು ಗೆಳೆಯನದು. ಸಂಜೆ ದೀಪದಲ್ಲಿ ಅವನಿಗೆ ಎರಡೂ ಒಂದೇ ಬಣ್ಣ ಕಾಣುತ್ತವಂತೆ.
— ಶಿಗ್ಗಾವಿ

ಕೆಂಪು-ಹಸಿರು ಬೇರ್ಪಡಿಸಿ ನೋಡಲಾಗದ ಗಂಡಸರು ಕಡಿಮೆಯೇನಿಲ್ಲ, ಮಂದ ಬೆಳಕಿನಲ್ಲಿ ಕಷ್ಟ ಇನ್ನೂ ಹೆಚ್ಚು. ಬಣ್ಣವೊಂದನ್ನೇ ನೆಚ್ಚದೆ ಒಂದು ಪಡೆಯ ಬೇಸ್ ಅಂಚನ್ನು ಬಿಳಿ, ಇನ್ನೊಂದರದ್ದನ್ನು ಕಪ್ಪು ಮಾಡಿ. ಹೊಸದಾಗಿ ಕೊಳ್ಳುವುದಾದರೆ ನೀಲಿ ಮತ್ತು ಹಳದಿ ಜೋಡಿ ಆರಿಸಿ.

ತಿಳಿ ರೆಸಿನ್ನಿನಲ್ಲಿ ತ್ರೀಡಿ ಪ್ರಿಂಟ್ ಮಾಡಿದ ಗೊಂಬೆ ಹಳದಿಯಾಯಿತು, ಮೈ ಅಂಟಂಟು. ಪ್ಲಾಸ್ಟಿಕ್ಕಿನದಕ್ಕೆ ಹೇಳುವ ಉಪಾಯಗಳೇ ಇದಕ್ಕೂ ನಡೆಯುತ್ತವೆಯೇ?
— ಗೋಕುಲ ರಸ್ತೆ, ಹುಬ್ಬಳ್ಳಿ

ವಾರ್ನಿಶ್, ಇಂಕು, ಡ್ರೈಬ್ರಶ್ ಎಲ್ಲ ನಡೆಯುತ್ತವೆ. ಪ್ಲಾಸ್ಟಿಕ್ ಸಿಮೆಂಟ್ (ಪ್ಲಾಸ್ಟಿಕ್ಕನ್ನು ಕರಗಿಸಿ ಕೂಡಿಸುವ ಅಂಟು) ನಡೆಯುವುದಿಲ್ಲ. ರೆಸಿನ್ ಒಮ್ಮೆ ಗಟ್ಟಿಯಾದರೆ ಅದರಲ್ಲಿ ಕರಗದು.

ಅಂಟಂಟು ಉಳಿಯುವುದಕ್ಕೆ ಎರಡು ಕಾರಣ. ಒಂದು, ಸರಿಯಾಗಿ ತೊಳೆಯದಿರುವುದು: ಐಸೊಪ್ರೊಪೈಲ್ ಸ್ಪಿರಿಟ್ಟಿನ ಎರಡು ಪಾತ್ರೆ ಇಟ್ಟುಕೊಂಡು, ಮೊದಲನೆಯದರಲ್ಲಿ ಎರಡು ಮೂರು ನಿಮಿಷ ಅಲುಗಾಡಿಸಿ ಶುದ್ಧವಾದ ಎರಡನೆಯದರಲ್ಲಿ ಒಂದೆರಡು ನಿಮಿಷ ಜಾಲಾಡಿ. ಇನ್ನೊಂದು, ಗಾಳಿಯ ಆಮ್ಲಜನಕ ಮೇಲ್ಪದರ ಗಟ್ಟಿಯಾಗುವುದನ್ನು ತಡೆಯುತ್ತದೆ. ತೊಳೆದು ಪೂರ್ತಿ ಆರಿಸಿದ ಗೊಂಬೆಯನ್ನು ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ ಯುವಿ ದೀಪಕ್ಕೆ ಹಿಡಿದರೆ ಅಂಟು ನಿಲ್ಲುತ್ತದೆ. ಸ್ಪಿರಿಟ್ ಆರುವ ಮುನ್ನ ಯುವಿ ದೀಪಕ್ಕೆ ಹಿಡಿದರೆ ಮಾತ್ರ ಬಿಳಿ ಮಸುಕು ಬರುತ್ತದೆ.

ಹಳದಿಗೆ ಕಾರಣ ಅತಿಯಾದ ಯುವಿ. ನಮ್ಮ ಕಡೆಯ ಬಿಸಿಲು ಯುವಿ ದೀಪಕ್ಕೆ ಕಡಿಮೆಯಿಲ್ಲ, ಮಧ್ಯಾಹ್ನ ಗಚ್ಚಿನ ಮೇಲೆ ಮರೆತು ಬಿಟ್ಟರೆ ತಿಳಿ ರೆಸಿನ್ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಒಂದೊಂದು ನಿಮಿಷಕ್ಕೆ ತಿರುಗಿಸುತ್ತಾ, ಉಗುರು ಊರದಷ್ಟು ಗಟ್ಟಿಯಾದ ಕೂಡಲೇ ನಿಲ್ಲಿಸಿ. ಹಳದಿಯಾದ ಗೊಂಬೆಯನ್ನು ಎಸೆಯಬೇಡಿ: ಎಕ್ಸ್-23 ನೀಲಿ ತೆಳುವಾಗಿ ಬಳಿದರೆ ಹಸಿರು ಭೂತವಾಗುತ್ತದೆ, ಎಕ್ಸ್-26 ಕಿತ್ತಳೆ ಬಳಿದರೆ ಬೆಂಕಿಗೆ ಬರುತ್ತದೆ.

ಹಸಿ ರೆಸಿನ್ ಮುಟ್ಟುವಾಗ ನೈಟ್ರೈಲ್ ಗ್ಲೌಸ್ ಕಡ್ಡಾಯ. ತೊಳೆದ ಸ್ಪಿರಿಟ್ಟನ್ನು ಬಚ್ಚಲಿಗೆ ಚೆಲ್ಲಬೇಡಿ. ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ, ಬೆಂಕಿಯಿಂದ ದೂರ, ಬಿಸಿಲು ತಾಗುವಲ್ಲಿ ಸ್ವಲ್ಪ ಹೊತ್ತು ಇಟ್ಟರೆ ರೆಸಿನ್ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ ಮೊದಲ ತೊಳೆತಕ್ಕೆ ಮತ್ತೆ ಬಳಸಿ. ಕೆಸರನ್ನು ಕಾಗದದ ಮೇಲೆ ಹರಡಿ ಪೂರ್ತಿ ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.